ಶಿವ ಮಡಗಿದಂತೆ: ಕಷ್ಟಕಾಲದ ಹೊಸ ಆರಂಭ ಮತ್ತು ಮನಸ್ಸಿನ ಆರೋಗ್ಯ

2020ನೆಯ ಇಸವಿಯ ಮೇ ತಿಂಗಳನ್ನು ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಸೀಮೆಯ ಜನರು ಸುಲಭವಾಗಿ ಮರೆಯಲಾರರು. ಮಾರ್ಚ್ 25ರಿಂದ ದೇಶವೇ ಬಾಗಿಲು ಮುಚ್ಚಿಕೊಂಡಿತ್ತು. ಮುಂಬಯಿಯಲ್ಲಿ ಹೋಟೆಲು, ಉಪಾಹಾರದ ಗಾಡಿ, ಆಟೋರಿಕ್ಷಾ ಎಂದು ಹತ್ತಾರು ವರ್ಷಗಳಿಂದ ಬದುಕು ಕಟ್ಟಿಕೊಂಡಿದ್ದ ನಮ್ಮ ಭಾಗದ ಸಾವಿರಾರು ಮಂದಿ ಕೂಲಿ ಇಲ್ಲದೆ, ಬಾಡಿಗೆ ಕಟ್ಟಲಾರದೆ, ಮಕ್ಕಳುಮರಿಗಳನ್ನು ಕಟ್ಟಿಕೊಂಡು ಊರಿನತ್ತ ಹೊರಟರು. ಮಳೆಯನ್ನೇ ನಂಬಿದ ರಾಗಿ ಹೊಲದಿಂದ ಸಂಸಾರ ಸಾಗದೆಂದು ಒಂದು ಕಾಲಕ್ಕೆ ಊರು ಬಿಟ್ಟವರು, ಊರನ್ನೇ ನಂಬಿ ಮರಳಿದರು. ಬಂದವರಲ್ಲಿ ಅನೇಕರಿಗೆ ಸೋಂಕು ತಗುಲಿತ್ತು. ಕೆಲವೇ ದಿನಗಳಲ್ಲಿ ಮಂಡ್ಯ ಜಿಲ್ಲೆಯ ಸೋಂಕಿತರ ಸಂಖ್ಯೆ ರಾಜ್ಯವೇ ತಿರುಗಿ ನೋಡುವಷ್ಟು ಏರಿತು. ಶಾಲೆಗಳು, ವಿದ್ಯಾರ್ಥಿನಿಲಯಗಳು ಕ್ವಾರಂಟೈನ್ ಕೇಂದ್ರಗಳಾದವು. ತವರಿಗೆ ಬಂದ ಮಗಳನ್ನು ಹೊಸಿಲಿನಾಚೆಯೇ ನಿಲ್ಲಿಸಿ ಮಾತನಾಡಿಸುವಂಥ ಕಾಲ ಬಂದಿತು. ‘ಬಾಂಬೆಯವರು’ ಎಂಬ ಮಾತಿನಲ್ಲಿ ಮೊದಲು ಇದ್ದ ಮೆಚ್ಚುಗೆ ಹೋಗಿ ಭಯ ಸೇರಿಕೊಂಡಿತು.

ರೋಗವೇನೋ ಬಂದು ಹೋಯಿತು. ನಾವು ಈ ಸಂಚಿಕೆಯಲ್ಲಿ ಬರೆಯಹೊರಟಿರುವುದು ಆ ನಂತರದ ಮಾತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಿಂದ ನಮ್ಮ ಚಿಕಿತ್ಸಾಲಯಕ್ಕೆ ಬರುವವರ ನಾಡಿಯನ್ನು ಹಲವು ದಶಕಗಳಿಂದ ನೋಡುತ್ತಿದ್ದೇವೆ. ಆ ವರ್ಷದ ಮಳೆಗಾಲದಲ್ಲಿ ಬಂದವರ ದೂರುಗಳು ಮೇಲ್ನೋಟಕ್ಕೆ ಎಂದಿನಂತೆಯೇ ಇದ್ದವು: ಎದೆಯುರಿ, ಹುಳಿತೇಗು, ಕೈಕಾಲು ಸೆಳೆತ, ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚದಿರುವುದು. ಹೊಟ್ಟೆಗೆ ಕೊಟ್ಟ ಔಷಧಿ ಹೊಟ್ಟೆಯ ಮಟ್ಟಿಗೆ ಕೆಲಸ ಮಾಡುತ್ತಿತ್ತು. ರೋಗ ಮಾತ್ರ ಅಲ್ಲಿಯೇ ಇರುತ್ತಿತ್ತು. ‘ಮುಂದೇನು ಮಾಡುವಿರಿ?’ ಎಂದು ಕೇಳಿದರೆ ಬಹುಮಟ್ಟಿಗೆ ಒಂದೇ ಉತ್ತರ: ‘ಶಿವ ಮಡಗ್ದಂಗಾಯ್ತದೆ ಸ್ವಾಮಿ.’

ಮಂಡ್ಯದ ಸೀಮೆಯಲ್ಲಿ ಈ ಮಾತನ್ನು ಆಡದ ಮನೆಯಿಲ್ಲ. ಆದರೆ ಇದನ್ನು ಆಡುವ ರೀತಿ ಎರಡು. ಒಬ್ಬನು ಈ ಮಾತನ್ನು ಹೇಳಿ ಹೆಗಲಿಗೆ ಟವೆಲು ಹಾಕಿಕೊಂಡು ಹೊಲಕ್ಕೆ ಹೊರಡುತ್ತಾನೆ. ಇನ್ನೊಬ್ಬನು ಇದೇ ಮಾತನ್ನು ಹೇಳಿ ಜಗುಲಿಯ ಮೇಲೆ ಗೋಡೆಗೆ ಒರಗುತ್ತಾನೆ. ಮಾತು ಒಂದೇ, ದೇವರೂ ಒಬ್ಬನೇ. ಮೊದಲನೆಯವನದು ನಂಬಿಕೆ, ಎರಡನೆಯವನದು ವಿಷಾದ. ಮತ್ತು ವೈದ್ಯನ ಕಣ್ಣಿಗೆ ಈ ಎರಡನೆಯದು ಚಿಕಿತ್ಸೆ ಬೇಡುವ ಸ್ಥಿತಿ. ರೋಗವನ್ನು ಬೆಳೆಸುವ ಸಂಗತಿಗಳಲ್ಲೆಲ್ಲ ವಿಷಾದಕ್ಕೇ ಅಗ್ರಸ್ಥಾನವೆಂದು ಚರಕ ಸಂಹಿತೆ ಎಣಿಸಿದೆ. ಎರಡು ಸಾವಿರ ವರ್ಷಗಳ ಹಿಂದಿನವರು ಕೆಟ್ಟ ಆಹಾರವನ್ನಾಗಲಿ ಕೆಟ್ಟ ಗಾಳಿಯನ್ನಾಗಲಿ ಆ ಸ್ಥಾನದಲ್ಲಿ ಕೂರಿಸದೆ ಮನಸ್ಸಿನ ಕುಸಿತವನ್ನು ಕೂರಿಸಿದರೆಂಬುದು ನಮಗೆ ಇಂದಿಗೂ ಸೋಜಿಗದ ವಿಷಯ.

ಎಲ್ಲವೂ ದೈವಾಧೀನವೇ?

ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ಜನಪದೋಧ್ವಂಸವನ್ನು ಕುರಿತದ್ದು. ಎಂದರೆ, ಒಂದು ಸೀಮೆಯ ಜನರೆಲ್ಲ ಏಕಕಾಲಕ್ಕೆ ತುತ್ತಾಗುವ ಮಹಾವ್ಯಾಧಿ. ಗಂಗಾತೀರದ ಕಾಂಪಿಲ್ಯದಲ್ಲಿ ಆತ್ರೇಯ ಮಹರ್ಷಿಗಳು ಶಿಷ್ಯರೊಡನೆ ಸಂಚರಿಸುತ್ತ, ಗಾಳಿ, ನೀರು, ನೆಲ, ಕಾಲ ಇವು ಕೆಟ್ಟಾಗ ದೇಹಪ್ರಕೃತಿ ಬೇರೆಬೇರೆಯಾದ ಜನರೂ ಹೇಗೆ ಒಂದೇ ರೋಗಕ್ಕೆ ಬೀಳುತ್ತಾರೆಂಬುದನ್ನು ವಿವರಿಸುತ್ತಾರೆ. ಕೊರೋನಾ ಕಾಲದಲ್ಲಿ ಈ ಅಧ್ಯಾಯವನ್ನು ಅನೇಕ ವೈದ್ಯರು ನೆನೆದರು. ಆದರೆ ಅದೇ ಅಧ್ಯಾಯದಲ್ಲಿ ಮುಂದೆ ಬರುವ ಚರ್ಚೆಯನ್ನು ನೆನೆದವರು ಕಡಿಮೆ.

ಅಲ್ಲಿ ಶಿಷ್ಯನಾದ ಅಗ್ನಿವೇಶನು, ಮನುಷ್ಯನ ಆಯುಸ್ಸು ಮೊದಲೇ ನಿಗದಿಯಾದದ್ದೋ ಅಲ್ಲವೋ ಎಂದು ಕೇಳುತ್ತಾನೆ. ನಮ್ಮ ಹಳ್ಳಿಯ ಜಗುಲಿಯ ಪ್ರಶ್ನೆಯೇ ಇದು. ಗುರುಗಳ ಉತ್ತರದ ಸಾರಾಂಶವಿಷ್ಟು: ಆಯುಸ್ಸು ದೈವ ಮತ್ತು ಪುರುಷಕಾರ ಎರಡರ ಕೂಡುವಿಕೆಯನ್ನು ಅವಲಂಬಿಸಿದೆ. ದೈವವೆಂದರೆ ಹಿಂದೆ ಮಾಡಿದ್ದು, ಪುರುಷಕಾರವೆಂದರೆ ಈಗ ಮಾಡುತ್ತಿರುವುದು. ಎರಡರಲ್ಲಿ ಬಲವಾದದ್ದು ದುರ್ಬಲವಾದದ್ದನ್ನು ಮೀರುತ್ತದೆ. ಎಲ್ಲವೂ ಮೊದಲೇ ನಿಶ್ಚಿತವಾಗಿದ್ದರೆ ಪ್ರಾರ್ಥನೆಯೇಕೆ, ಹೋಮವೇಕೆ, ಔಷಧವೇಕೆ, ಹುಚ್ಚು ಹಿಡಿದ ಆನೆಯ ದಾರಿಯಿಂದ ಸರಿದು ನಿಲ್ಲುವುದಾದರೂ ಏಕೆ ಎಂಬುದು ಅವರ ತರ್ಕ. ಗಮನಿಸಬೇಕು: ಪ್ರಾರ್ಥನೆಯನ್ನು ಅವರು ಸೇರಿಸಿದ್ದು ಪ್ರಯತ್ನದ ಸಾಲಿಗೆ, ಕೈಕಟ್ಟಿ ಕೂರುವುದರ ಸಾಲಿಗಲ್ಲ. ದೇವರನ್ನು ಬೇಡುವವನು ಮುಂದಿನದು ಬದಲಾಗಬಲ್ಲದು ಎಂದು ಆಗಲೇ ಒಪ್ಪಿಕೊಂಡಿದ್ದಾನೆ.

ಇದೇ ಗ್ರಂಥವು ಚಿಕಿತ್ಸೆಯನ್ನು ಮೂರು ಬಗೆಯಾಗಿ ಹೇಳುತ್ತದೆ. ಪ್ರಾರ್ಥನೆ, ವ್ರತ, ತೀರ್ಥಯಾತ್ರೆ ಮೊದಲಾದವು ದೈವವ್ಯಪಾಶ್ರಯ. ಆಹಾರ ಮತ್ತು ಔಷಧಗಳನ್ನು ಲೆಕ್ಕ ಹಾಕಿ ಕೊಡುವುದು ಯುಕ್ತಿವ್ಯಪಾಶ್ರಯ. ಅಹಿತವಾದುದರಿಂದ ಮನಸ್ಸನ್ನು ಹಿಂದಕ್ಕೆ ಸೆಳೆಯುವುದು ಸತ್ತ್ವಾವಜಯ. ಮೂರನ್ನೂ ಒಟ್ಟಿಗೆ ಹೇಳಿರುವುದಕ್ಕೆ ಕಾರಣವಿದೆ. ಯಾತ್ರೆ ಮಾಡಿದವನು ಮಾತ್ರೆ ಬಿಡಬೇಕೆಂದು ಆಚಾರ್ಯರು ಎಲ್ಲಿಯೂ ಹೇಳಿಲ್ಲ. ನಮ್ಮಲ್ಲಿ ಮಾತ್ರ ಮಹದೇಶ್ವರ ಬೆಟ್ಟಕ್ಕೆ ಹೋಗಿಬಂದ ಉತ್ಸಾಹದಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ನಿಲ್ಲಿಸಿ, ಕಾಲಿನ ಹುಣ್ಣು ಮಾಡಿಕೊಂಡು ಬರುವವರು ಪ್ರತಿವರ್ಷ ಒಬ್ಬಿಬ್ಬರಾದರೂ ಇರುತ್ತಾರೆ.

ಭಾರ ಹಾಕುವುದೆಂದರೆ

ಮುಂಬಯಿಯಿಂದ ಮರಳಿದವರೊಬ್ಬರ ಸಂಗತಿಯನ್ನು ಹೆಸರು, ಊರು ಬಿಟ್ಟು ಹೇಳುತ್ತೇವೆ. ಕೃಷ್ಣರಾಜಪೇಟೆ ತಾಲ್ಲೂಕಿನವರು. ಅಲ್ಲಿ ಇಡ್ಲಿ ಗಾಡಿ ನಡೆಸುತ್ತಿದ್ದರು. ಇಲ್ಲಿ ಅಣ್ಣತಮ್ಮಂದಿರೊಡನೆ ಹಂಚಿಕೊಂಡರೆ ಕೈಗೆ ಬರುವ ಭೂಮಿ ಕೆಲವು ಗುಂಟೆ. ಕ್ವಾರಂಟೈನ್ ಮುಗಿಸಿ ಮನೆಗೆ ಬಂದ ಮೇಲೆ ಎರಡು ತಿಂಗಳು ಹೊರಗೆ ಮುಖ ತೋರಿಸಿರಲಿಲ್ಲ. ಅವರ ತಾಯಿಯವರೇ ಕರೆತಂದರು. ಆಕೆ ನಮ್ಮ ಮುಂದೆಯೇ ಮಗನಿಗೆ, ‘ಮಾದಪ್ಪನ ಮ್ಯಾಲೆ ಭಾರ ಹಾಕು ಮಗ, ಎದ್ದು ಕೆಲಸ ನೋಡು’ ಎಂದರು. ಆ ವಾಕ್ಯದಲ್ಲಿ ‘ಭಾರ ಹಾಕು’ ಮತ್ತು ‘ಎದ್ದು ಕೆಲಸ ನೋಡು’ ಎಂಬ ಎರಡು ಭಾಗಗಳೂ ಒಟ್ಟಿಗೇ ಬಂದದ್ದನ್ನು ನಾವು ಗಮನಿಸಿದೆವು. ಓದುಬರಹ ತಿಳಿಯದ ಆ ತಾಯಿ ಸತ್ತ್ವಾವಜಯ ಚಿಕಿತ್ಸೆಯನ್ನು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ್ದರು.

ಹಳೆಯ ಕಾಲುದಾರಿಗಳ ಬದಿಯಲ್ಲಿ ಎದೆಯೆತ್ತರದ ಕಲ್ಲುಗಳನ್ನು ನಿಲ್ಲಿಸಿ, ಮೇಲೊಂದು ಅಡ್ಡಕಲ್ಲು ಹೊದಿಸಿರುವುದನ್ನು ನಮ್ಮ ಪೀಳಿಗೆಯವರು ಕಂಡಿದ್ದಾರೆ. ತಲೆಹೊರೆಯವರು ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಇಳಿಸಿ, ಬೆವರು ಒರೆಸಿಕೊಂಡು, ನೀರು ಕುಡಿದು, ಮತ್ತೆ ತಲೆಗೇರಿಸಿಕೊಂಡು ಸಂತೆಗೆ ನಡೆಯುತ್ತಿದ್ದರು. ದೇವರ ಮೇಲೆ ಭಾರ ಹಾಕುವುದೆಂದರೆ ಅದೇ. ಹೊರೆಯನ್ನು ಕಲ್ಲಿನ ಮೇಲೆಯೇ ಬಿಟ್ಟು ಮನೆಗೆ ಹೋದರೆ ಸಂತೆ ತಪ್ಪುತ್ತದೆ. ಇಳಿಸದೆಯೇ ನಡೆದರೆ ಕುತ್ತಿಗೆ ಉಳಿಯುವುದಿಲ್ಲ.

ಆ ಗೃಹಸ್ಥರಿಗೆ ಅಮ್ಲಪಿತ್ತಕ್ಕೆ ಔಷಧಿ ಕೊಟ್ಟೆವು. ಅದಕ್ಕಿಂತ ಮುಖ್ಯವಾಗಿ, ಒಂದು ಹಾಳೆಯಲ್ಲಿ ಯಾರಿಗೆ ಎಷ್ಟು ಸಾಲ ಕೊಡಬೇಕೆಂಬುದನ್ನು ಹೆಂಡತಿಯ ಎದುರಿನಲ್ಲಿಯೇ ಬರೆಯಲು ಹೇಳಿದೆವು. ಗಂಡಸರು ಸಾಲವನ್ನು ಹೆಂಡತಿಯಿಂದ ಮುಚ್ಚಿಡುತ್ತಾರೆ. ಆಕೆಗೆ ಬಹುತೇಕ ಗೊತ್ತಿರುತ್ತದೆ. ಗೊತ್ತಿಲ್ಲದಂತೆ ಇರುವುದು ಆಕೆಯ ಭಾರ. ಬರೆದಾಗ ಮೊತ್ತವು ಅವರು ರಾತ್ರಿಯೆಲ್ಲ ಹೆದರಿದ್ದಕ್ಕಿಂತ ಕಡಿಮೆಯೇ ಇತ್ತಂತೆ. ಆ ವಾರ ನಿದ್ರೆ ಬಂದಿತು. ಮುಂದೆ ದಸರೆಯ ಹೊತ್ತಿಗೆ ಚನ್ನರಾಯಪಟ್ಟಣದ ರಸ್ತೆಯಲ್ಲಿ ಸಣ್ಣದೊಂದು ಗಾಡಿ ಇಟ್ಟರು. ಮೊದಮೊದಲು ಬಾಂಬೆಯವನ ಕೈಯಿನದು ಎಂದು ತಿನ್ನಲು ಹಿಂಜರಿದವರೂ ಉಂಟು. ಈಗ ಅದೇ ಗಾಡಿಗೆ ಬಾಂಬೆ ಇಡ್ಲಿ ಎಂದೇ ಹೆಸರು!

ನಮ್ಮ ನೆಲಕ್ಕೆ ಇಂಥ ಆರಂಭಗಳು ಹೊಸತಲ್ಲ. 1911ರಲ್ಲಿ ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದಾಗ ಹಳೆಯ ಕನ್ನಂಬಾಡಿಯೂ ಸೇರಿದಂತೆ ಅನೇಕ ಹಳ್ಳಿಗಳು ನೀರಿನ ಪಾಲಾಗುವುದು ನಿಶ್ಚಿತವಾಯಿತು. ಒಲೆ, ಹಟ್ಟಿ, ಹಿರಿಯರ ಸಮಾಧಿ, ದೇವಸ್ಥಾನ ಎಲ್ಲವನ್ನೂ ಬಿಟ್ಟು ಜನ ಎತ್ತರದ ನೆಲಕ್ಕೆ ಹೋದರು. ಅವರು ಬಿಟ್ಟುಬಂದ ವೇಣುಗೋಪಾಲಸ್ವಾಮಿಯ ಗುಡಿ ಬರಗಾಲದ ವರ್ಷಗಳಲ್ಲಿ ನೀರಿನಿಂದ ತಲೆಯೆತ್ತುತ್ತಿತ್ತು. ಈಗ ಅದನ್ನು ಹೊಸ ಕನ್ನಂಬಾಡಿಯಲ್ಲಿ ಕಲ್ಲುಕಲ್ಲನ್ನೂ ತಂದು ಕಟ್ಟಿ ನಿಲ್ಲಿಸಿದ್ದಾರೆ. ಅವರು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರಿನಿಂದ 1930ರ ದಶಕದಲ್ಲಿ ಮಂಡ್ಯಕ್ಕೆ ನಾಲೆ ಬಂದಿತು, ಭತ್ತ ಮತ್ತು ಕಬ್ಬು ಬಂದವು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದಿತು. ನಾಲೆಯ ಹಿಂದೆಯೇ ಮಲೇರಿಯಾ ಕೂಡ ಬಂದಿತು. ಅದಕ್ಕೂ ಮುನ್ನ, 19ನೆಯ ಶತಮಾನದ ಆರಂಭದಲ್ಲಿ, ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತು ಇಂಗ್ಲಿಷರು ತಮ್ಮ ದಂಡನ್ನು ಬೆಂಗಳೂರಿಗೆ ಒಯ್ದಿದ್ದರು. ದಂಡು ಹೋಯಿತು, ಊರಿನವರು ಎಲ್ಲಿಗೆ ಹೋಗಬೇಕು? ಅವರು ಅಲ್ಲಿಯೇ ಉಳಿದರು. ಜ್ವರವನ್ನು ದೇವರಿಗೆ ಒಪ್ಪಿಸಿದರು, ಕ್ವಿನೈನನ್ನೂ ನುಂಗಿದರು, ನಿಂತ ನೀರಿಗೆ ಕಾಲುವೆಯನ್ನೂ ತೋಡಿದರು.

ಶರಣರ ಚರಿತ್ರೆಯಿಂದಲೂ ಒಂದೆರಡು ಮಾತು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಅಮರೇಶ್ವರದಿಂದ ಕಲ್ಯಾಣಕ್ಕೆ ವಲಸೆ ಬಂದವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬನ್ನಿರೆಂದು ಕಳುಹಿಸಿದ ಕಥೆ ಎಲ್ಲರಿಗೂ ತಿಳಿದದ್ದು. ಇದನ್ನು ನಿರಾಸೆಯ ಪಾಠವಾಗಿ, ನಿರಾಶೆಯದಲ್ಲ, ಆಸೆಯಿಲ್ಲದಿರುವಿಕೆಯ ಪಾಠವಾಗಿ ಹೇಳುವುದು ವಾಡಿಕೆ. ವೈದ್ಯನ ದೃಷ್ಟಿಗೆ ಅದರಲ್ಲಿ ಇನ್ನೊಂದು ತಿರುಳು ಕಾಣುತ್ತದೆ. ನಾಳೆಯ ಭಯದಿಂದ ಇಂದೇ ಹೆಚ್ಚು ಕೂಡಿಡಬೇಕೆಂಬ ತವಕವೇ ನಿದ್ರೆಯನ್ನು ಕದಿಯುವುದು. ನಾಳೆಗೆ ನಾಳೆಯ ಅಕ್ಕಿ ಅಂಗಳದಲ್ಲಿ ಇರುತ್ತದೆಂದು ಆ ತಾಯಿ ನಂಬಿದ್ದರು. ಆದರೆ ನಾಳೆ ಬೆಳಿಗ್ಗೆ ಆಯುವುದಕ್ಕೆ ಹೋಗಲೇಬೇಕೆಂಬುದನ್ನೂ ತಿಳಿದಿದ್ದರು. ಮಾರಯ್ಯನವರು ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ ಕಾಯಕವನ್ನು ನೆನಪಿಸಿ ಎಬ್ಬಿಸಿದವರೂ ಅವರೇ. ನುಲಿಯ ಚಂದಯ್ಯನವರಂತೂ ಇನ್ನೂ ಕಟ್ಟುನಿಟ್ಟು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಅವರು ಹಗ್ಗದ ಕಾಯಕ ಬಿಡಲಿಲ್ಲವೆಂದೂ, ಲಿಂಗದೇವನೇ ಹಿಂದೆ ಬಂದನೆಂದೂ, ಶರಣರ ಮಧ್ಯಸ್ಥಿಕೆಯ ನಂತರವೇ ಒಪ್ಪಿದರೆಂದೂ ಹೇಳುತ್ತಾರೆ. ದೇವರು ಕೈಬಿಟ್ಟನೆಂದು ತೋರುವ ಗಳಿಗೆಯಲ್ಲಿಯೂ ಕೈಯಲ್ಲಿನ ಕೆಲಸ ಬಿಡದವರ ಪರಂಪರೆ ನಮ್ಮದು.

‘ಪೂಜೆಗೂ ಮನಸ್ಸಿಲ್ಲ’ ಎಂದರೆ

ಇಲ್ಲಿ ಸದ್ಭಕ್ತರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಚಂದಯ್ಯನವರ ದೃಷ್ಟಾಂತವನ್ನು ಹಿಡಿದು ಕಾಯಿಲೆಯವರನ್ನು ಬೈಯುವುದು ತರವಲ್ಲ. ಖಿನ್ನತೆ ಎಂಬುದು ಸೋಮಾರಿತನವೂ ಅಲ್ಲ, ಭಕ್ತಿಯ ಕೊರತೆಯೂ ಅಲ್ಲ. ಅದೊಂದು ವ್ಯಾಧಿ. ಅದು ಬಂದಾಗ ಮೊದಲು ರುಚಿ ಹೋಗುತ್ತದೆ: ನಾಲಿಗೆಯ ರುಚಿ, ಮಾತಿನ ರುಚಿ, ಕೊನೆಗೆ ಪೂಜೆಯ ರುಚಿ ಕೂಡ. ನಲವತ್ತು ವರ್ಷ ಒಂದು ದಿನವೂ ತಪ್ಪದೆ ಲಿಂಗಪೂಜೆ ಮಾಡಿದ ಹಿರಿಯರು ಇದ್ದಕ್ಕಿದ್ದಂತೆ ‘ಮನಸ್ಸಿಲ್ಲ’ ಎಂದು ವಿಭೂತಿಯ ಗಟ್ಟಿಯನ್ನು ಪಕ್ಕಕ್ಕಿಟ್ಟರೆ ಮನೆಯವರು ದಿಗಿಲುಬಿದ್ದು ಗದರುತ್ತಾರೆ. ಆ ಹಿರಿಯರೋ, ಶಿವನು ನನ್ನನ್ನು ಬಿಟ್ಟನು, ನಾನು ಪಾಪಿ ಎಂದು ಒಳಗೊಳಗೇ ನವೆಯುತ್ತಾರೆ. ಜ್ವರ ಬಂದಾಗ ಪಾಯಸ ಕಹಿಯಾದರೆ ಅಡುಗೆಯವರ ತಪ್ಪೆನ್ನುತ್ತೇವೆಯೇ? ಇದೂ ಹಾಗೆಯೇ.

ಹೀಗೆ ಎರಡು ವಾರಗಳಿಗೂ ಮಿಕ್ಕಿ ಪ್ರತಿದಿನ ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ರೆ ಮತ್ತು ಹಸಿವಿನ ಏರುಪೇರು, ಸಣ್ಣ ನಿರ್ಧಾರಕ್ಕೂ ತಡಕಾಟ, ‘ನಾನು ಎಲ್ಲರಿಗೂ ಹೊರೆ’ ಎಂಬ ಮಾತು, ಇವು ಕಂಡರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಥೈರಾಯ್ಡ್ ಗ್ರಂಥಿಯ ತೊಂದರೆ, ರಕ್ತಹೀನತೆ, ಬಿ 12 ಜೀವಸತ್ತ್ವದ ಕೊರತೆಗಳೂ ಇದೇ ವೇಷದಲ್ಲಿ ಬರುವುದುಂಟು. ನಮ್ಮಂತೆ ಶುದ್ಧ ಶಾಕಾಹಾರಿಗಳಲ್ಲಿ ಕೊನೆಯದು ಅಪರೂಪವಲ್ಲ. ರಕ್ತಪರೀಕ್ಷೆ ಮಾಡಿಸದೆ ‘ದೃಷ್ಟಿ ತಗುಲಿದೆ’ ಎಂದು ತಾಯತ ಕಟ್ಟಿಸುವುದನ್ನು ಶರಣರ ಹಾದಿಯವರಾದ ನಾವಾದರೂ ಬಿಡಬೇಕು. ಮನೋವೈದ್ಯರು ಗುಳಿಗೆ ಬರೆದರೆ ಅವರು ಹೇಳಿದಷ್ಟು ಕಾಲ ನುಂಗಬೇಕು. ಆಯುರ್ವೇದದವರಾದ ನಾವೇ ಇದನ್ನು ಹೇಳುತ್ತಿದ್ದೇವೆ. ಒಂದು ತಿಂಗಳಲ್ಲಿ ಗುಣವಾಯಿತೆಂದು ತಾವಾಗಿಯೇ ನಿಲ್ಲಿಸಿ, ಆ ಬಳಿಕ ನಮ್ಮಲ್ಲಿ ‘ಬೇರಿನ ಔಷಧಿ’ ಕೇಳುವುದು ಸರಿಯಾದ ಕ್ರಮವಲ್ಲ.

ಬದುಕನ್ನು ಮರಳಿ ಕಟ್ಟುವವರಿಗೆ ನಾವು ಹೇಳುವ ದಿನಚರಿ ಬಹಳ ಸರಳ. ಏಳುವ ಹೊತ್ತು ಒಂದೇ ಇರಲಿ, ಕೆಲಸವಿದ್ದರೂ ಇಲ್ಲದಿದ್ದರೂ. ಕೆಲಸ ಕಳೆದುಕೊಂಡವರು ಮೊದಲು ಕಳೆದುಕೊಳ್ಳುವುದು ಬೆಳಗನ್ನು. ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ದೃಷ್ಟಿ ನೆಟ್ಟು ಕುಳಿತಾಗ ಉಸಿರು ತಾನಾಗಿ ನಿಧಾನವಾಗುತ್ತದೆ, ಭುಜಗಳು ಸಡಿಲವಾಗುತ್ತವೆ. ನಾವು ಪವಾಡದ ಮಾತನ್ನು ಹೇಳುತ್ತಿಲ್ಲ. ನೂರು ಕಡೆ ಓಡುವ ಮನಸ್ಸಿಗೆ ಒಂದು ಕಡೆ ನಿಲ್ಲುವ ಅಭ್ಯಾಸವಾಗುತ್ತದೆ, ದಿನಕ್ಕೊಂದು ಗೂಟ ಸಿಗುತ್ತದೆ. ಮನಸ್ಸು ನಿಲ್ಲದಿದ್ದರೆ ಚಿಂತೆಯಿಲ್ಲ. ಐದು ನಿಮಿಷ ಕುಳಿತು ಏಳಬಹುದು. ಖಿನ್ನತೆಯವರಿಗೆ ಒಂದು ಗಂಟೆಯ ಧ್ಯಾನವನ್ನು ಬೋಧಿಸುವುದು, ಕಾಲು ಮುರಿದವನಿಗೆ ಎಡೆಯೂರಿಗೆ ಪಾದಯಾತ್ರೆ ಹೋಗು ಎಂದಂತೆ. ಆ ಬಳಿಕ ಅರ್ಧ ಗಂಟೆ ಬಿಸಿಲಿನಲ್ಲಿ ನಡಿಗೆ. ಮಲಗುವ ಮುನ್ನ ಅಂಗಾಲಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿಸಿಕೊಳ್ಳುವುದು. ಇದನ್ನು ಮನೆಯವರು ಯಾರಾದರೂ ಮಾಡಿದರೆ ಎಣ್ಣೆಯ ಗುಣದ ಜೊತೆಗೆ ಕೈಯ ಗುಣವೂ ಸೇರುತ್ತದೆ. ಮೊಬೈಲನ್ನು ಹಾಸಿಗೆಗೆ ತರಬಾರದು.

ಆಹಾರದ ವಿಷಯದಲ್ಲಿ ನಮ್ಮ ಭಾಗದವರಿಗೆ ಹೊಸದಾಗಿ ಕಲಿಸಬೇಕಾದದ್ದು ಹೆಚ್ಚಿಲ್ಲ. ರಾಗಿ ಮುದ್ದೆ, ಸೊಪ್ಪಿನ ಬಸ್ಸಾರು, ಮಜ್ಜಿಗೆ ಬೆರೆಸಿದ ಅಂಬಲಿ ಇವೇ ಸಾಕು, ಹೊತ್ತಿಗೆ ಸರಿಯಾಗಿ ಉಂಡರೆ. ಹುರಳಿ ಬಲಕಾರಿಯಾದರೂ ಉಷ್ಣ. ಎದೆಯುರಿಯಿರುವವರು ಹುರಳಿಕಟ್ಟಿನ ಸಾರನ್ನು ಕೆಲವು ದಿನ ಬಿಡಬೇಕು. ಬರಿಹೊಟ್ಟೆಯಲ್ಲಿ ನಾಲ್ಕೈದು ಲೋಟ ಚಹಾ ಕುಡಿದು, ಮಧ್ಯಾಹ್ನ ಮೂರಕ್ಕೆ ಉಂಡು, ‘ಟೆನ್ಷನ್ನಿನಿಂದ ಗ್ಯಾಸು’ ಎನ್ನುವವರಿಗೆ ಮೊದಲ ಔಷಧ ಗಡಿಯಾರ. ಅಶ್ವಗಂಧ, ಬ್ರಾಹ್ಮಿಗಳು ಮನಸ್ಸಿಗೆ ಹಿತವೆಂಬುದು ನಿಜ. ಆದರೆ ಜಾಹೀರಾತು ನೋಡಿ ಅಶ್ವಗಂಧವನ್ನು ಕೊಂಡು ತಿನ್ನಬಾರದು. ಗರ್ಭಿಣಿಯರು, ಥೈರಾಯ್ಡ್ ಸಮಸ್ಯೆಯುಳ್ಳವರು, ನಿದ್ರೆಯ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಲೇಕೂಡದು. ಇನ್ನು ಮದ್ಯ. ದುಃಖ ಮರೆಯಲೆಂದು ಕುಡಿಯುವವರು ದುಃಖದ ಜೊತೆಗೆ ಸಾಲವನ್ನೂ ಬೆಳೆಸುತ್ತಾರೆ. ಆ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ನಂಬಿಕೆಯ ಹೆಸರಿನಲ್ಲಿ ನಡೆಯುವ ಕೆಲವು ಅಪಥ್ಯಗಳನ್ನೂ ಹೇಳದಿರಲಾರೆವು. ಬೆಳೆ ಕೈಕೊಟ್ಟ ವರ್ಷವೇ ಹರಕೆ ತೀರಿಸಬೇಕೆಂದು ಬಡ್ಡಿಗೆ ಹಣ ತಂದು ಊರಿಗೆಲ್ಲ ಊಟ ಹಾಕಿಸುವವರಿದ್ದಾರೆ. ದಾಸೋಹವು ಕಾಯಕದ ಗಳಿಕೆಯಿಂದ ನಡೆಯತಕ್ಕದ್ದು; ಸಾಲದಿಂದ ನಡೆಯುವುದು ದಾಸೋಹವೆನಿಸದು. ಹೊಸ ಅಂಗಡಿ ತೆರೆಯುವುದಕ್ಕೆ ಗಳಿಗೆ ಕೂಡಿ ಬಂದಿಲ್ಲವೆಂದು ಆರಾರು ತಿಂಗಳು ಕಾಯುವವರೂ ಇದ್ದಾರೆ; ಬಸವಾದಿ ಶರಣರು ತಿಥಿ ಮುಹೂರ್ತಗಳನ್ನು ಎಲ್ಲಿ ಇಟ್ಟರೆಂಬುದು ಇವರಿಗೆ ತಿಳಿಯದ್ದಲ್ಲ. ಇನ್ನು ಕೆಲವು ತರುಣರು ಮೊಬೈಲಿನಲ್ಲಿ ಕ್ರಿಕೆಟ್ ಬಾಜಿ ಕಟ್ಟಿ, ಕಳೆದದ್ದನ್ನು ಮುಂದಿನ ಪಂದ್ಯದಲ್ಲಿ ಮರಳಿಸೆಂದು ದೇವರಿಗೆ ಕೈಮುಗಿಯುತ್ತಾರೆ. ಅದನ್ನು ಹೊಸ ಆರಂಭವೆನ್ನಲಾಗದು.

ಸಾಲದ ಕಿರುಕುಳದಿಂದ ನಿದ್ರೆಗೆಟ್ಟ ತಾಯಂದಿರು ಇತ್ತೀಚೆಗೆ ಹೆಚ್ಚಾಗಿ ಬರುತ್ತಿದ್ದಾರೆ. ವಾರದ ಕಂತಿನ ದಿನ ಬಂತೆಂದರೆ ರಕ್ತದೊತ್ತಡ ಏರುವುದನ್ನು ಯಂತ್ರವೇ ತೋರಿಸುತ್ತದೆ. ಮನೆಯ ಮುಂದೆ ನಿಂತು ಬೆದರಿಸುವುದು, ಅವಮಾನಿಸುವುದು, ಸಾಮಾನು ಎತ್ತಿಕೊಂಡು ಹೋಗುವುದು ಇವುಗಳನ್ನು ತಡೆಯಲೆಂದೇ ರಾಜ್ಯ ಸರ್ಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಸಾಲ ತೀರಿಸುವುದು ಧರ್ಮ. ಕಿರುಕುಳ ಸಹಿಸುವುದು ಧರ್ಮವಲ್ಲ. ಪೊಲೀಸ್ ಠಾಣೆಗೆ ದೂರು ಕೊಡಲು ಹಿಂಜರಿಯಬೇಕಾಗಿಲ್ಲ.

ಮನೆಯಲ್ಲಿ ತೆಗೆದುಕೊಳ್ಳಬೇಕಾದ ಎಚ್ಚರ

2015ರಲ್ಲಿ ಕಬ್ಬಿನ ಬೆಲೆ ಕುಸಿದು, ಬಾಕಿ ಹಣ ಕೈಸೇರದೆ, ಮಂಡ್ಯ ಜಿಲ್ಲೆಯ ಹಳ್ಳಿಗಳಿಂದ ಒಂದರ ಹಿಂದೊಂದು ಸಾವಿನ ಸುದ್ದಿ ಬರುತ್ತಿದ್ದುದು ನಮಗೆಲ್ಲ ನೆನಪಿದೆ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿತ್ತು. 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಹೋದ ಮೇಲೆ ಅದು ಮತ್ತೆ ಕಬ್ಬು ಅರೆಯತೊಡಗಿತು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು, ನಾಲೆಗೆ ನೀರಿಲ್ಲದೆ ಗದ್ದೆಗಳು ಬಿರುಕುಬಿಟ್ಟವು. ಮರುವರ್ಷ ಜುಲೈ ತಿಂಗಳಲ್ಲಿಯೇ ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿತು. ಇಷ್ಟನ್ನು ಇಲ್ಲಿ ಹೇಳಲು ಕಾರಣವಿದೆ. ಜೀವವನ್ನು ಕಳೆದುಕೊಳ್ಳಬೇಕೆಂಬ ಯೋಚನೆ ಬಹುಮಂದಿಯಲ್ಲಿ ಅಲೆಯಂತೆ ಏರಿ ಇಳಿಯುವಂಥದ್ದು. ಆ ಕೆಲವು ಗಂಟೆಗಳನ್ನು ದಾಟಿಸಿದರೆ ಮನುಷ್ಯ ಉಳಿಯುತ್ತಾನೆ. ನೀರು ಬರುವುದನ್ನು ನೋಡಲು ಅವನು ಇರುತ್ತಾನೆ.

ದಾಟಿಸುವ ಕೆಲಸ ಮನೆಯವರದು, ನೆರೆಯವರದು. ಯಾರಾದರೂ ತೀರ ಕುಗ್ಗಿದ್ದರೆ ‘ಸಾಯಬೇಕೆಂಬ ಯೋಚನೆ ಬರುತ್ತಿದೆಯೇ?’ ಎಂದು ನೇರವಾಗಿ, ಮೆಲ್ಲಗೆ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಭಯ ಸಲ್ಲದು. ಕೇಳಿದವರ ಎದುರು ಎಷ್ಟೋ ಮಂದಿ ಮೊದಲ ಬಾರಿಗೆ ಅತ್ತು ಹಗುರಾಗಿದ್ದಾರೆ. ಅಂಥವರನ್ನು ಒಂಟಿಯಾಗಿ ಬಿಡಬಾರದು. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯ ಅಟ್ಟದಲ್ಲಾಗಲಿ, ದನದ ಕೊಟ್ಟಿಗೆಯಲ್ಲಾಗಲಿ ಇಡದೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಬೇರೆಯವರ ವಶಕ್ಕೆ ಕೊಡಬೇಕು; ಬೇಕಾದಷ್ಟನ್ನೇ ಕೊಳ್ಳಬೇಕು. ಇದು ಸಣ್ಣ ಮಾತಲ್ಲ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ, 1990ರ ದಶಕದ ನಡುವಿನಿಂದ ಮುಂದಿನ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು. ಆ ಜನರ ಕಷ್ಟಗಳೇನೂ ಅರ್ಧವಾಗಿರಲಿಲ್ಲ. ಕೆಟ್ಟ ಗಳಿಗೆಯಲ್ಲಿ ಕೈಗೆಟುಕುವುದು ಬದಲಾಗಿತ್ತು.

ಯಾರಾದರೂ ವಿಷ ಸೇವಿಸಿದ್ದು ತಿಳಿದರೆ ಉಪ್ಪುನೀರು, ಸಾಬೂನಿನ ನೀರು, ಹುಣಸೆಹಣ್ಣಿನ ರಸ ಕುಡಿಸಿ ವಾಂತಿ ಮಾಡಿಸುತ್ತ ಹೊತ್ತು ಕಳೆಯಬಾರದು. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಇಮ್ಮಡಿ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ನೀರಿನಿಂದ ತೊಳೆದು, ಎಡಮಗ್ಗುಲಿಗೆ ಮಲಗಿಸಿ, ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಔಷಧಿಯ ಡಬ್ಬಿಯನ್ನು ತಪ್ಪದೆ ಜೊತೆಗೆ ಒಯ್ಯಬೇಕು. ಯಾವ ವಿಷವೆಂದು ತಿಳಿಯುವುದರ ಮೇಲೆ ಚಿಕಿತ್ಸೆ ನಿಂತಿದೆ. ಕೆಲವು ಕಳೆನಾಶಕಗಳು ಮೊದಲ ದಿನ ಹೆಚ್ಚಿನ ತೊಂದರೆಯನ್ನು ತೋರದೆ ಇರುವುದರಿಂದ ‘ಚೆನ್ನಾಗಿಯೇ ಇದ್ದಾರೆ’ ಎಂದು ಮನೆಯಲ್ಲಿ ಉಳಿಸಿಕೊಳ್ಳಬಾರದು.

ಮನಸ್ಸಿನ ಸಂಕಟಕ್ಕೆ ದೂರವಾಣಿಯ ಮೂಲಕವೂ ನೆರವಿದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಮುಖ್ಯ ಕೇಂದ್ರ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಹಣವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ ಸೂರು ನೋಡುತ್ತ ಮಲಗಿರುವವರು ಈ ಸಂಖ್ಯೆಯನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳುವುದು ಲೇಸು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಅಂಗವಾಗಿ ಮಂಗಳವಾರಗಳಂದು ಮಾನಸಿಕ ಆರೋಗ್ಯ ತಪಾಸಣೆ ನಡೆಯುವ ವ್ಯವಸ್ಥೆಯಿದೆ. ಯಾವ ಮಂಗಳವಾರವೆಂಬುದನ್ನು ಆಶಾ ಕಾರ್ಯಕರ್ತೆಯರನ್ನು ಕೇಳಿ ತಿಳಿಯಬಹುದು. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿಯೂ ಮನೋರೋಗ ವಿಭಾಗವಿದೆ. ಹೋಗುವಾಗ ರೋಗಿಯ ಜೊತೆ ಮನೆಯವರೊಬ್ಬರು ಇರಬೇಕು. ಈಗಾಗಲೇ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳನ್ನೂ, ನಮ್ಮ ಕಷಾಯ ಚೂರ್ಣಗಳನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಒಯ್ದು ವೈದ್ಯರಿಗೆ ತೋರಿಸಬೇಕು.